ಎಬ್‌ಸ್ಟೈನ್ ಅಂತೆ, ತಮ್ಮನಿಗೆ ಏನೂ ತೊಂದರೆ ಇಲ್ಲ. ಆದರೂ ಕೋನ್ ಆಪರೇಷನ್ ಈಗಲೇ ಬೇಕಾ?

ನೀಲಿ_ಛತ್ರಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ಮನೆ ಓದ್ತಾ ಇದ್ದೆ, ಈಗ ಕೇಳಲೇಬೇಕಾದ ಪರಿಸ್ಥಿತಿ ಬಂದಿದೆ.

ನನ್ನ ತಮ್ಮನಿಗೆ 29 ವರ್ಷ. ಹೊಸ ಕೆಲಸಕ್ಕೆ ಸೇರುವಾಗ ಮಾಡಿಸಿದ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇ ನೋಡಿ ಹೃದಯ ದೊಡ್ಡದಾಗಿದೆ ಅಂದರು. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರೆ ಎಬ್‌ಸ್ಟೈನ್ ಅನಾಮಲಿ! ಹೃದಯದ ಬಲಗಡೆಯ ಟ್ರೈಕಸ್ಪಿಡ್ ವಾಲ್ವ್ ಇರಬೇಕಾದ ಜಾಗಕ್ಕಿಂತ ಕೆಳಗಿದೆ, ಲೀಕ್ ತೀವ್ರವಾಗಿದೆ, ಮೇಲಿನ ಎರಡು ಕೋಣೆಗಳ ನಡುವೆ ಒಂದು ರಂಧ್ರವೂ ಇದೆ. ಹುಟ್ಟಿನಿಂದಲೇ ಇದ್ದದ್ದಂತೆ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ ಅನ್ನೋದೇ ನನಗೆ ಅರ್ಥವಾಗ್ತಿಲ್ಲ.

ಅವನು ಆರಾಮಾಗಿದ್ದಾನೆ. ಓಡಾಡ್ತಾನೆ, ಕೆಲಸ ಮಾಡ್ತಾನೆ, ಯಾವತ್ತೂ ಎದೆನೋವು ಅಂದವನಲ್ಲ. ಒಬ್ಬ ಡಾಕ್ಟರು ‘ಕೋನ್ ರಿಪೇರಿ ಮಾಡಿಸಿ, ತಡ ಮಾಡಬೇಡಿ’ ಅಂತಾರೆ, ಅಂದರೆ ವಾಲ್ವಿನ ಸ್ವಂತ ಎಸಳುಗಳನ್ನೇ ಶಂಕುವಿನ ಆಕಾರಕ್ಕೆ ಹೊಲಿದು ಸರಿಮಾಡೋ ಆಪರೇಷನ್. ಇನ್ನೊಬ್ಬರು ‘ಲಕ್ಷಣವೇ ಇಲ್ಲವಲ್ಲ, ವರ್ಷಕ್ಕೊಮ್ಮೆ ಎಕೋ ಮಾಡಿಸ್ತಾ ಇರಿ’ ಅಂತಾರೆ. ಮೊದಲಿನವರು ಕಳಿಸಿದ್ದು ಮಕ್ಕಳ ಹೃದಯ ಸರ್ಜನ್ ಹತ್ತಿರ, ಅದಕ್ಕೂ ಮನೆಯಲ್ಲಿ ದೊಡ್ಡ ಚರ್ಚೆ. ಈ ದಾರಿಯಲ್ಲಿ ಹೋಗಿ ಬಂದವರು ಯಾರಾದರೂ ಇದ್ದೀರಾ? ಕಾದರೆ ತಪ್ಪಾ?

ಕಪಾಟಿನ_ಕೀಲಿ

ಆರಾಮಾಗಿ ಓಡಾಡೋ ಹುಡುಗನ ಎದೆ ಯಾಕ್ರೀ ಸೀಳಿಸ್ತೀರಿ? ಎರಡನೇ ಡಾಕ್ಟರ್ ಹೇಳಿದ್ದೇ ಸರಿ.

ಎಕೋ_ರೂಮಿನಿಂದ

ಕೀಲಿಯವರೇ, ಅಷ್ಟು ಬೇಗ ತೀರ್ಪು ಬೇಡ. ನಾನು ಎಕೋ ಮಾಡುವವಳು, ಡಾಕ್ಟರಲ್ಲ. ಆದರೆ ಈ ಕಾಯಿಲೆ ನನ್ನ ಸ್ಕ್ರೀನ್ ಮೇಲೆ ಅಪರೂಪಕ್ಕಾದರೂ ಬರುತ್ತೆ, ಬಂದಾಗೆಲ್ಲ ಇಡೀ ಡಿಪಾರ್ಟ್‌ಮೆಂಟ್ ಬಂದು ಇಣುಕುತ್ತೆ. ಸುಮಾರು 20,000 ಜನನಗಳಲ್ಲಿ ಒಂದಕ್ಕೆ ಅಂತಾರೆ.

ನೀಲಿ ಛತ್ರಿ ಅಕ್ಕ, ನಡೆದಿರೋದು ಇಷ್ಟು. ಟ್ರೈಕಸ್ಪಿಡ್ ವಾಲ್ವಿಗೆ ಮೂರು ಎಸಳು. ಭ್ರೂಣ ಬೆಳೆಯುವಾಗ ಈ ಎಸಳುಗಳು ಬಲ ಕೆಳಕೋಣೆಯ ಗೋಡೆಯಿಂದಲೇ ಪದರವಾಗಿ ಬಿಡಿಸಿಕೊಂಡು ಬರಬೇಕು. ಎಬ್‌ಸ್ಟೈನ್‌ನಲ್ಲಿ ನಡುಗೋಡೆಯ ಎಸಳು, ಕೆಳಗಿನ ಎಸಳು ಎರಡೂ ಪೂರ್ತಿ ಬಿಡಿಸಿಕೊಳ್ಳೋದಿಲ್ಲ. ಒದ್ದೆ ಬಟ್ಟೆ ಗೋಡೆಗೆ ಅಂಟಿದ ಹಾಗೆ ಅಲ್ಲೇ ಉಳಿದುಬಿಡುತ್ತವೆ. ಮುಂದಿನ ಎಸಳು ಮಾತ್ರ ಸಾಮಾನ್ಯವಾಗಿ ತನ್ನ ಜಾಗದಲ್ಲಿದ್ದು, ಅಗಲವಾಗಿ ಹಾಯಿಯ ಥರ ಬೆಳೆದಿರುತ್ತೆ. ಹಾಗಾಗಿ ವಾಲ್ವ್ ಮುಚ್ಚಿಕೊಳ್ಳುವ ಜಾಗ ಕೆಳಗೆ ಜಾರುತ್ತೆ, ಕೆಳಕೋಣೆಯ ಒಂದು ಭಾಗ ಮೇಲ್ಕೋಣೆಗೆ ಸೇರಿಹೋಗುತ್ತೆ. ಆ ಭಾಗದ ಗೋಡೆ ತೆಳು, ಪಂಪ್ ಮಾಡೋ ಕೆಲಸಕ್ಕೆ ಬರಲ್ಲ. ನಾವು ಎಡಗಡೆಯ ಮೈಟ್ರಲ್ ವಾಲ್ವ್ ಕೂತಿರೋ ಮಟ್ಟದಿಂದ ನಡುಗೋಡೆಯ ಎಸಳು ಎಷ್ಟು ಕೆಳಗಿದೆ ಅಂತ ಅಳೀತೀವಿ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 8 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಎಬ್‌ಸ್ಟೈನ್.

ಇಷ್ಟು ವರ್ಷ ಗೊತ್ತಾಗದೇ ಇರೋದು ವಿಚಿತ್ರವೇನಲ್ಲ. ಕೆಲವರಿಗೆ ಹುಟ್ಟಿದ ದಿನವೇ ಜೀವಕ್ಕೆ ಅಪಾಯ, ಕೆಲವರು ಮುದುಕರಾಗೋವರೆಗೂ ಹಾಯಾಗಿರ್ತಾರೆ. ಹೆಸರು ಒಂದೇ, ಒಳಗಿನ ಹೃದಯ ಒಬ್ಬೊಬ್ಬರದು ಒಂದೊಂದು ಥರ.

ರಿಪೋರ್ಟ್‌ನಲ್ಲಿ ಬಲ ಕೆಳಕೋಣೆಯ ಅಳತೆ, ಅದರ ಪಂಪಿಂಗ್, ಆಮ್ಲಜನಕದ ಸ್ಯಾಚುರೇಷನ್ ಏನಿದೆ? ಎಂಆರ್‌ಐ ಆಗಿದೆಯಾ?

ಹೊಲಿಗೆ_ಗುರುತು

ನಾನು ಹೋಗಿ ಬಂದವನು. ಕೋನ್ ಆದಾಗ ನನಗೆ 34.

ಅಕ್ಕ, ನಿಮ್ಮ ತಮ್ಮ ಹೇಳೋ ‘ಆರಾಮ’ವನ್ನ ಒಂಚೂರು ಅನುಮಾನದಿಂದಲೇ ನೋಡಿ. ನಾನೂ ಅದನ್ನೇ ಹೇಳ್ತಿದ್ದೆ. ಹುಟ್ಟಿದಾಗಿನಿಂದ ಒಂದೇ ಹೃದಯ ಇಟ್ಟುಕೊಂಡು ಬದುಕಿದವನಿಗೆ ಬೇರೆಯವರಿಗೆ ಹೇಗಿರುತ್ತೆ ಅಂತ ಎಲ್ಲಿಂದ ಗೊತ್ತಾಗಬೇಕು? ಚಿಕ್ಕಂದಿನಲ್ಲಿ ಆಟದಲ್ಲಿ ಯಾವಾಗಲೂ ಗೋಲ್ ಕೀಪರ್ ಆಗ್ತಿದ್ದೆ, ಓಡೋ ಕೆಲಸ ಕಮ್ಮಿ ಅಂತ. ಮೆಟ್ಟಿಲು ಹತ್ತುವಾಗ ಫೋನ್ ತೆಗೆದು ನೋಡೋ ನೆಪದಲ್ಲಿ ನಿಲ್ಲೋದು. ಇವೆಲ್ಲ ನನ್ನ ಸ್ವಭಾವ ಅಂದ್ಕೊಂಡಿದ್ದೆ.

ಆಮೇಲೆ ಮೂಗು ಬಾಯಿಗೆ ಮಾಸ್ಕ್ ಹಾಕಿ ಸೈಕಲ್ ತುಳಿಸೋ ಟೆಸ್ಟ್ ಮಾಡಿದರು, ಕಾರ್ಡಿಯೋಪಲ್ಮನರಿ ಎಕ್ಸರ್‌ಸೈಜ್ ಟೆಸ್ಟ್. ದೇಹ ನಿಜವಾಗಿ ಎಷ್ಟು ಆಮ್ಲಜನಕ ಬಳಸ್ತಿದೆ ಅಂತ ಅದು ಅಳೆಯುತ್ತೆ. ನನ್ನ ವಯಸ್ಸಿನವರಿಗೆ ಇರಬೇಕಾದ ಅರ್ಧಕ್ಕೆ ಹತ್ತಿರ ಬಂತು. ಸ್ಯಾಚುರೇಷನ್ ಕೂತಾಗ ಚೆನ್ನಾಗಿದ್ದದ್ದು ತುಳಿಯುತ್ತಾ ಇಳೀತು. ಅವತ್ತು ‘ಲಕ್ಷಣ ಇಲ್ಲ’ ಅನ್ನೋ ಸಾಲು ನನ್ನ ಫೈಲಿನಿಂದ ಹೋಯಿತು.

ಮೊದಲು ಆ ಟೆಸ್ಟ್ ಮಾಡಿಸಿ, ಕಾಯೋದಾ ಬೇಡವಾ ಅನ್ನೋ ಮಾತು ಆಮೇಲೆ.

ಕಪಾಟಿನ_ಕೀಲಿ

ಸರಿ, ನಿಮ್ಮ ಅನುಭವ ನಿಮ್ಮದು. ಆದರೆ ಎಲ್ಲರಿಗೂ ಒಂದೇ ಅಲ್ವಲ್ಲ? ಟೆಸ್ಟ್ ಮೇಲೆ ಟೆಸ್ಟ್ ಮಾಡ್ತಾ ಹೋದರೆ ಎಲ್ಲರಲ್ಲೂ ಏನಾದರೊಂದು ಸಿಕ್ಕೇ ಸಿಗುತ್ತೆ. ನಮ್ಮ ನೆಂಟರೊಬ್ಬರಿಗೆ ಹೀಗೇ ಏನೂ ಇಲ್ಲದಿದ್ದರೂ ಹೆದರಿಸಿ ಸ್ಟೆಂಟ್ ಹಾಕಿದರು.

ಹೊಲಿಗೆ_ಗುರುತು

ಸ್ಟೆಂಟ್ ಕಥೆ ಬೇರೆ ಗುರುವೇ. ಇಲ್ಲಿ ಲೀಕ್ ತೀವ್ರ ಅಂತ ಎಕೋ ಹೇಳ್ತಿದೆ, ಹೃದಯ ದೊಡ್ಡದಾಗಿದೆ ಅಂತ ಎಕ್ಸ್‌ರೇ ಹೇಳ್ತಿದೆ. ಏನೂ ಇಲ್ಲ ಅಂತ ಹೇಳ್ತಿರೋದು ಹುಡುಗ ಒಬ್ಬನೇ.

ಗಿರಿ_ಗಾಳಿಪಟ

ನನಗೊಂದು ಡೌಟು. ರಂಧ್ರ ಇದೆ ಅಂದ್ರಲ್ಲ, ಅದಕ್ಕೆ ತೊಡೆಯಿಂದ ವೈರ್ ಹಾಕಿ ಛತ್ರಿ ಥರದ್ದು ಕೂರಿಸಿ ಮುಚ್ಚಿಬಿಟ್ಟರೆ ಆಗಲ್ವಾ? ನನ್ನ ಅತ್ತಿಗೆಗೆ ಹಾಗೇ ಮಾಡಿದ್ದು, ಮರುದಿನ ಮನೆಗೆ ಕಳಿಸಿದರು. ಎದೆ ತೆರೆಯೋದೇ ಬೇಡ.

ಎಕೋ_ರೂಮಿನಿಂದ

ಗಿರಿ ಅವರೇ, ನಿಮ್ಮ ಅತ್ತಿಗೆಗೆ ಇದ್ದದ್ದು ಬರೀ ಏಎಸ್‌ಡಿ, ಅಂದರೆ ಮೇಲ್ಕೋಣೆಗಳ ನಡುವಿನ ರಂಧ್ರ ಮಾತ್ರ ಇರಬೇಕು. ಅಲ್ಲಿ ರಕ್ತ ಎಡದಿಂದ ಬಲಕ್ಕೆ ಹೋಗುತ್ತೆ. ಎಬ್‌ಸ್ಟೈನ್‌ನಲ್ಲಿ ವಾಲ್ವ್ ಸೋರಿ ಬಲ ಮೇಲ್ಕೋಣೆಯಲ್ಲಿ ಒತ್ತಡ ಏರಿದಾಗ ಆಮ್ಲಜನಕ ಕಮ್ಮಿ ಇರೋ ನೀಲಿ ರಕ್ತ ಬಲದಿಂದ ಎಡಕ್ಕೆ ನುಗ್ಗುತ್ತೆ. ಹೊಲಿಗೆ ಗುರುತು ಅವರಿಗೆ ತುಳಿಯುವಾಗ ಸ್ಯಾಚುರೇಷನ್ ಇಳಿದದ್ದು ಅದಕ್ಕೇ.

ಆ ರಂಧ್ರ ಎರಡು ಕೆಲಸ ಮಾಡ್ತಿದೆ. ಕೆಟ್ಟದ್ದು: ಕಾಲಿನ ರಕ್ತನಾಳದಲ್ಲಿ ಹುಟ್ಟಿದ ಸಣ್ಣ ಹೆಪ್ಪು ಶ್ವಾಸಕೋಶಕ್ಕೆ ಹೋಗೋ ಬದಲು ರಂಧ್ರ ದಾಟಿ ಮೆದುಳಿಗೆ ಹೋಗಬಹುದು, ಪಾರ್ಶ್ವವಾಯು. ಒಳ್ಳೇದು: ಸೋತ ಬಲಭಾಗಕ್ಕೆ ಒತ್ತಡ ಹೊರಹಾಕೋ ದಾರಿ ಅದೊಂದೇ. ವಾಲ್ವ್ ಹಾಗೇ ಬಿಟ್ಟು ದಾರಿ ಮಾತ್ರ ಮುಚ್ಚಿದರೆ ಬಲಭಾಗ ಇನ್ನಷ್ಟು ಉಬ್ಬಿ ಸೋಲಬಹುದು. ಆಯ್ದ ಕೆಲವರಿಗೆ ಒತ್ತಡ ಎಲ್ಲ ಅಳೆದು ನೋಡಿ ಮುಚ್ಚೋದುಂಟು, ಆದರೆ ಇದು ಸುಲಭದ ಅಡ್ಡದಾರಿ ಅಲ್ಲ.

ರಂಧ್ರ ಇರೋವರೆಗೂ ಎರಡು ಎಚ್ಚರ. ಯಾವ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರೂ ‘ಹೃದಯದಲ್ಲಿ ರಂಧ್ರ ಇದೆ, ಗಾಳಿಗುಳ್ಳೆ ಹೋಗಬಾರದು’ ಅಂತ ಬಾಯಿಬಿಟ್ಟು ಹೇಳಬೇಕು. ಸ್ಕೂಬಾ ಡೈವಿಂಗ್ ಬೇಡವೇ ಬೇಡ.

ನೀಲಿ_ಛತ್ರಿ

ಅಯ್ಯೋ, ಡ್ರಿಪ್ ವಿಷಯ ಯಾರೂ ಹೇಳಿರಲಿಲ್ಲ. ಥ್ಯಾಂಕ್ಸ್ ಅಕ್ಕ.

ಎಂಆರ್‌ಐ ಇನ್ನೂ ಆಗಿಲ್ಲ. ಕೂತಾಗ ಸ್ಯಾಚುರೇಷನ್ 94. ಇಸಿಜಿಯಲ್ಲಿ ‘ಡೆಲ್ಟಾ ವೇವ್’ ಅಂತ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಅದೇನು?

ಲಯ_ತಪ್ಪಿದವಳು

ಡೆಲ್ಟಾ ವೇವ್! ನನ್ನ ಹಳೇ ಶತ್ರು.

ಮೇಲ್ಕೋಣೆಯಿಂದ ಕೆಳಕೋಣೆಗೆ ವಿದ್ಯುತ್ ಹೋಗೋಕೆ ಒಂದೇ ಅಧಿಕೃತ ದಾರಿ, ಏವಿ ನೋಡ್. ಎಬ್‌ಸ್ಟೈನ್ ಇರೋ ಹಲವರಲ್ಲಿ ವಾಲ್ವಿನ ಅಂಚಿನಲ್ಲೇ ಕಳ್ಳದಾರಿಗಳೂ ಇರುತ್ತವೆ. ಅದೇ ಡಬ್ಲ್ಯುಪಿಡಬ್ಲ್ಯು, ಇಸಿಜಿಯಲ್ಲಿ ಅದರ ಗುರುತೇ ಡೆಲ್ಟಾ ವೇವ್. ಬೇರೆಯವರಿಗೆ ಇದ್ದರೆ ಒಂದಿರುತ್ತೆ, ನಮಗೆ ಒಂದಕ್ಕಿಂತ ಹೆಚ್ಚು ಇರೋದು ಮಾಮೂಲಿ. ಎದೆ ಬಡಿತ ಇದ್ದಕ್ಕಿದ್ದಂತೆ ಏರಿ, ಇದ್ದಕ್ಕಿದ್ದಂತೆ ನಿಲ್ಲುತ್ತೆ. ಮೇಲ್ಕೋಣೆಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ (ಅಡ್ಡಾದಿಡ್ಡಿ ವೇಗದ ಬಡಿತ) ಶುರುವಾಗಿ ಅದು ಕಳ್ಳದಾರಿಯಲ್ಲಿ ಕೆಳಗಿಳಿದರೆ ಪ್ರಾಣಕ್ಕೇ ಅಪಾಯ.

ಇದನ್ನ ಆಪರೇಷನ್‌ಗೆ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಕೋನ್ ಆದಮೇಲೆ ಆ ಅಂಚಿನ ಮೇಲೆ ಹೊಸ ಹೊಲಿಗೆ, ಹೊಸ ಎಸಳು ಕೂತಿರುತ್ತೆ. ಅಬ್ಲೇಷನ್ ಮಾಡೋ, ಅಂದರೆ ಕಳ್ಳದಾರಿಯನ್ನ ಸುಡೋ ಕ್ಯಾಥೆಟರ್‌ಗೆ ಮೊದಲಿನ ಹಾಗೆ ಜಾಗ ಸಿಗಲ್ಲ. ಅದಕ್ಕೇ ಸರ್ಜರಿಗೆ ಮೊದಲು ಇಪಿ ಸ್ಟಡಿ (ಹೃದಯದ ವಿದ್ಯುತ್ ದಾರಿಗಳ ಪರೀಕ್ಷೆ) ಮಾಡೋದು ಒಳ್ಳೇದು ಅಂತ ಮಾರ್ಗಸೂಚಿಯಲ್ಲೇ ಇದೆ, ಡೆಲ್ಟಾ ವೇವ್ ಕಾಣದಿದ್ದವರಿಗೂ. ನನಗೆ ಅಬ್ಲೇಷನ್ ಆಗಿ, ಮತ್ತೆ ಬಂದು, ಮತ್ತೆ ಮಾಡಿದರು. ಎಬ್‌ಸ್ಟೈನ್‌ನಲ್ಲಿ ಮರುಕಳಿಸೋದು ಜಾಸ್ತಿ, ಗಾಬರಿ ಆಗಬೇಡಿ.

ತಮ್ಮನಿಗೆ ಕೇಳಿ, ಎದೆ ಯಾವತ್ತಾದರೂ ಹಾಗೆ ‘ಓಡಿದ್ದು’ ಉಂಟಾ ಅಂತ. ಗಂಡಸರು ಕೇಳದೇ ಹೇಳಲ್ಲ.

ನೀಲಿ_ಛತ್ರಿ

ಕೇಳಿದೆ. ‘ಅದು ಟೆನ್ಷನ್‌ಗೆ ಆಗ್ತಿತ್ತು’ ಅಂದ. ಕಾಲೇಜಿನಿಂದಲೂ ಇದೆಯಂತೆ!!

ಹೊಲಿಗೆ_ಗುರುತು

ನೋಡಿದ್ರಾ. ಕೀಲಿ ಅಣ್ಣಾವ್ರೇ, ನಿಮ್ಮ ‘ಆರಾಮಾಗಿರೋ ಹುಡುಗ’.

ಕಪಾಟಿನ_ಕೀಲಿ

ಅಬ್ಲೇಷನ್ ಮಾಡಿಸಲಿ, ನಾನೇನು ಬೇಡ ಅಂದ್ನಾ? ನನ್ನ ತಕರಾರು ಎದೆ ಸೀಳೋದರ ಬಗ್ಗೆ. ಅಷ್ಟಕ್ಕೂ ರಿಪೇರಿ ಯಾಕೆ? ಕೆಟ್ಟ ವಾಲ್ವ್ ತೆಗೆದು ಹೊಸದು ಹಾಕಿದರೆ ಒಂದೇ ಸಲಕ್ಕೆ ಮುಗೀತಲ್ಲ. ಹೊಲಿದು ಹೊಲಿದು ಇಟ್ಟಿದ್ದು ಎಷ್ಟು ದಿನ ಬಾಳುತ್ತೆ?

ಪಂಪ್_ಮುಂದೆ_ಕೂತವ

ಇದಕ್ಕೆ ಬಾಯಿ ಹಾಕಲೇಬೇಕು. ನಾನು ಪರ್ಫ್ಯೂಷನಿಸ್ಟ್. ಆಪರೇಷನ್ ಹೊತ್ತಿನಲ್ಲಿ ಹೃದಯ ಶ್ವಾಸಕೋಶಗಳ ಕೆಲಸ ಮಾಡೋ ಹಾರ್ಟ್ ಲಂಗ್ ಮಷೀನ್ ನಡೆಸೋದು ನನ್ನ ಹೊಟ್ಟೆಪಾಡು.

‘ಒಂದೇ ಸಲಕ್ಕೆ ಮುಗೀತು’ ಅನ್ನೋ ವಾಲ್ವ್ ಇನ್ನೂ ಯಾರೂ ಕಂಡುಹಿಡಿದಿಲ್ಲ. ಲೋಹದ್ದು ಹಾಕಿದರೆ ಜೀವನಪೂರ್ತಿ ರಕ್ತ ತೆಳು ಮಾಡೋ ಮಾತ್ರೆ. ಹೃದಯದ ಬಲಭಾಗದಲ್ಲಿ ಒತ್ತಡ ಕಮ್ಮಿ, ರಕ್ತದ ವೇಗ ಕಮ್ಮಿ. ಅಲ್ಲಿ ಲೋಹದ ವಾಲ್ವ್ ಹೆಪ್ಪುಗಟ್ಟೋ ಅಪಾಯ ಎಡಭಾಗಕ್ಕಿಂತ ಜಾಸ್ತಿ. ಅದಕ್ಕೇ ಇಲ್ಲಿ ಬದಲಾಯಿಸಲೇಬೇಕಾದರೆ ಹೆಚ್ಚಿನವರು ಪ್ರಾಣಿಯ ಅಂಗಾಂಶದ್ದು ಹಾಕ್ತಾರೆ. ಅದು ಸವೆಯುತ್ತೆ, ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಬೇಗ. ಸವೆದ ಮೇಲೆ ಅದರೊಳಗೇ ಕ್ಯಾಥೆಟರ್ ಮೂಲಕ ಇನ್ನೊಂದು ವಾಲ್ವ್ ಕೂರಿಸಬಹುದು ಅನ್ನೋದು ನಿಜ, ಆದರೆ ಅದೂ ಎಷ್ಟು ಸಲ? 29ರ ಹುಡುಗನಿಗೆ ತನ್ನದೇ ಎಸಳಿನಿಂದ ಮಾಡಿದ ವಾಲ್ವ್ ಸಿಕ್ಕರೆ ಅದಕ್ಕಿಂತ ಏನು ಬೇಕು. ಬೆಳೆಯೋ ಮಕ್ಕಳಲ್ಲಂತೂ ಅದು ಹೃದಯದ ಜೊತೆಗೇ ಬೆಳೆಯುತ್ತೆ.

ಕೋನ್‌ನಲ್ಲಿ ಏನು ಮಾಡ್ತಾರೆ ಅಂದರೆ, ಮೊದಲು ನಾನು ಎರಡೂ ಮಹಾಸಿರೆಗಳಿಂದ ರಕ್ತ ಮಷೀನಿಗೆ ಎಳ್ಕೊಳ್ತೀನಿ. ಮಹಾಪಧಮನಿಗೆ ಕ್ಲ್ಯಾಂಪ್, ಪೊಟ್ಯಾಸಿಯಂ ಇರೋ ದ್ರಾವಣ ಕೊಟ್ಟು ಹೃದಯ ನಿಲ್ಲಿಸ್ತೀವಿ. ಸರ್ಜನ್ ಬಲ ಮೇಲ್ಕೋಣೆ ತೆರೆದು, ಗೋಡೆಗೆ ಅಂಟಿರೋ ಎಸಳುಗಳನ್ನ ಒಂದೊಂದೇ ಎಳೆ ಬಿಡಿಸಿ ಎತ್ತುತ್ತಾರೆ. ಭ್ರೂಣದಲ್ಲಿ ಅರ್ಧಕ್ಕೆ ನಿಂತ ಕೆಲಸವನ್ನ ಕತ್ತರಿ ಹಿಡಿದು ಮುಗಿಸೋದು. ಬಿಡಿಸಿದ ಎಸಳುಗಳನ್ನ ತಿರುಗಿಸಿ ಅಂಚಿಗೆ ಅಂಚು ಸೇರಿಸಿ ಹೊಲಿದರೆ ಶಂಕುವಿನ ಆಕಾರ ಬರುತ್ತೆ. ಅದರ ಚೂಪು ತುದಿ ಕೆಳಗೆ ಕೋಣೆಯ ಒಳಗೇ ಹಿಡಿದಿರುತ್ತೆ, ಅಗಲ ಬಾಯನ್ನ ವಾಲ್ವ್ ನಿಜವಾಗಿ ಇರಬೇಕಿದ್ದ ಮಟ್ಟಕ್ಕೆ ತಂದು ಹೊಲೀತಾರೆ. ಸುತ್ತ 360 ಡಿಗ್ರಿ ಎಸಳು, ಎಸಳಿಗೆ ಎಸಳು ತಾಗಿ ಮುಚ್ಚುತ್ತೆ. ಕೆಲಸಕ್ಕೆ ಬಾರದ ತೆಳು ಗೋಡೆಯನ್ನ ಮಡಿಸಿ ಹೊಲೀತಾರೆ, ಬಾಯಿಯ ಸುತ್ತಳತೆ ಕಿರಿದು ಮಾಡ್ತಾರೆ, ದೊಡ್ಡವರಿಗೆ ಅನೇಕ ಸಲ ರಿಂಗ್ ಕೂಡ. ಕೊನೆಗೆ ರಂಧ್ರ ಮುಚ್ಚೋದು.

ಅಪಾಯ ಎಲ್ಲಿ ಅಂತಲೂ ಹೇಳ್ತೀನಿ, ಮುಚ್ಚಿಡೋದ್ಯಾಕೆ. ಒಂದು, ಹೊಲಿಗೆ ಹೋಗೋ ದಾರಿಯಲ್ಲೇ ಏವಿ ನೋಡ್ ಇದೆ, ಸೂಜಿ ಆಳಕ್ಕೆ ಹೋದರೆ ಹಾರ್ಟ್ ಬ್ಲಾಕ್ (ರಕ್ತನಾಳದ್ದಲ್ಲ, ವಿದ್ಯುತ್ ದಾರಿಯದ್ದು), ಪೇಸ್‌ಮೇಕರ್. ಇನ್ನೊಂದು, ಗೋಡೆ ಮಡಿಸೋ ಜಾಗದ ಹೊರಗೇ ಬಲ ಕೊರೊನರಿ ರಕ್ತನಾಳ ಓಡುತ್ತೆ, ಅದು ಮಡಚಿಕೊಂಡರೆ ಹೃದಯಾಘಾತ. ಮಷೀನ್ ನಿಲ್ಲಿಸಿದ ಮೇಲೆ ಅನ್ನನಾಳದ ಮೂಲಕ ಎಕೋ ನೋಡದೇ ಯಾರೂ ಎದೆ ಮುಚ್ಚಲ್ಲ. ಲೀಕ್ ಜಾಸ್ತಿ ಕಂಡರೆ ಮತ್ತೆ ಮಷೀನ್ ಮೇಲೆ ಹೋಗೋದು.

ಹೊಲಿಗೆ ಜಾಸ್ತಿ, ಹೃದಯ ನಿಂತಿರೋ ಹೊತ್ತೂ ಜಾಸ್ತಿ. ಕೋನ್ ಇರೋ ದಿನ ನಾನು ಸಂಜೆಗೆ ಯಾರಿಗೂ ಬರ್ತೀನಿ ಅಂತ ಮಾತು ಕೊಡಲ್ಲ.

ಗಿರಿ_ಗಾಳಿಪಟ

ಓದಿ ಕೈ ಬೆವರಿತು ಮಾರಾಯ್ರೇ. ಇದನ್ನ ಮೊದಲು ಯಾರು ಯೋಚಿಸಿದ್ರು?

ಹಳೇ_ಪುಟ

ಕರೆದರಾ? ಬಂದೆ.

1866ರಲ್ಲಿ ಬ್ರೆಸ್ಲಾವ್‌ನಲ್ಲಿ ವಿಲ್ಹೆಲ್ಮ್ ಎಬ್‌ಸ್ಟೈನ್ ಅನ್ನೋ ಯುವ ವೈದ್ಯ, ತೀರಿಕೊಂಡ 19 ವರ್ಷದ ಒಬ್ಬ ಕಾರ್ಮಿಕನ ಹೃದಯ ಬಿಚ್ಚಿ ನೋಡಿ ಈ ವಾಲ್ವನ್ನ ವಿವರಿಸಿದ. ಆ ಹುಡುಗನಿಗೂ ಚಿಕ್ಕಂದಿನಿಂದ ಎದೆಬಡಿತ, ಏದುಸಿರು ಇತ್ತು. ಎಕೋ ಬಿಡಿ, ಆಗ ಇಸಿಜಿ ಕೂಡ ಇರಲಿಲ್ಲ. ಕಣ್ಣಲ್ಲಿ ನೋಡಿದ್ದು, ಕೈಯಲ್ಲಿ ಬರೆದದ್ದು.

ಸರ್ಜರಿ ಬರೋಕೆ ಸುಮಾರು ನೂರು ವರ್ಷ ಹಿಡಿಯಿತು. 1960ರ ದಶಕದ ಆರಂಭದಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಎಬ್‌ಸ್ಟೈನ್ ರೋಗಿಗೆ ಕೃತಕ ವಾಲ್ವ್ ಹಾಕಿದರು. ಹೌದು, 1967ರಲ್ಲಿ ಮೊದಲ ಹೃದಯ ಕಸಿ ಮಾಡಿದ ಅದೇ ಬರ್ನಾರ್ಡ್. 70ರ ದಶಕದಲ್ಲಿ ಮೇಯೋ ಕ್ಲಿನಿಕ್‌ನ ಗಾರ್ಡನ್ ಡೇನಿಯಲ್ಸನ್, ದೊಡ್ಡದಾಗಿರೋ ಮುಂದಿನ ಎಸಳೊಂದನ್ನೇ ನೆಚ್ಚಿಕೊಂಡು ರಿಪೇರಿ ಮಾಡೋ ದಾರಿ ಕಂಡುಕೊಂಡರು. 1988ರಲ್ಲಿ ಫ್ರಾನ್ಸಿನ ಕಾರ್ಪೆಂಟಿಯರ್ ಎಸಳನ್ನ ಬಿಡಿಸಿ ಸರಿಯಾದ ಮಟ್ಟಕ್ಕೆ ತಂದು ಹೊಲಿಯೋದನ್ನ ಪ್ರಕಟಿಸಿದರು. ಎ, ಬಿ, ಸಿ, ಡಿ ಅಂತ ತೀವ್ರತೆ ವಿಂಗಡಿಸಿದ್ದೂ ಅವರೇ. ಅದರ ಮೇಲೆ ಇನ್ನೊಂದು ಹೆಜ್ಜೆ ಇಟ್ಟು ಸುತ್ತ ಪೂರ್ತಿ ಎಸಳು ಬರೋ ಹಾಗೆ ಮಾಡಿದ್ದು ಬ್ರೆಜಿಲ್‌ನ ಜೋಸ್ ಪೆಡ್ರೊ ಡ ಸಿಲ್ವ. 1993ರಿಂದ 2005ರವರೆಗೆ ಮಾಡಿದ 40 ರೋಗಿಗಳ ಫಲಿತಾಂಶ 2007ರಲ್ಲಿ ಬಂತು, ಆಮೇಲೆ ಎಲ್ಲ ಕಡೆ ಹರಡಿತು.

ಹಾರ್ಟ್ ಲಂಗ್ ಮಷೀನ್ ಬಳಕೆ ಮಾಮೂಲಿಯಾಗೋಕೆ ಮುಂಚಿನ ಕಥೆ ಇನ್ನೂ ಸ್ವಾರಸ್ಯ. 1954ರಲ್ಲಿ ಅಮೆರಿಕದ ಮಿನೆಸೋಟದ ಸರ್ಜನ್ ಲಿಲ್ಲೆಹೈ, ಮಗುವಿನ ರಕ್ತನಾಳಗಳಿಗೆ ಅಪ್ಪನ ಅಥವಾ ಅಮ್ಮನ ರಕ್ತನಾಳ ಜೋಡಿಸಿ, ದೊಡ್ಡವರ ಹೃದಯ ಶ್ವಾಸಕೋಶಗಳನ್ನೇ ಮಷೀನಾಗಿ ಬಳಸಿ ಆಪರೇಷನ್ ಮಾಡಿದರು. ಒಟ್ಟು 45 ಸಲ. ಒಂದೇ ಆಪರೇಷನ್‌ನಲ್ಲಿ ಇಬ್ಬರ ಪ್ರಾಣ ಹೋಗಬಹುದು ಅಂತ ಆಗಲೇ ಬೈಸಿಕೊಂಡಿದ್ದರು.

ಕಪಾಟಿನ_ಕೀಲಿ

ಹಳೇ ಪುಟ ಶುರುವಾದರೆ ಮುಗೀತು, ಮೂಲ ಪ್ರಶ್ನೆ ಎಲ್ಲಿತ್ತು ಅಂತ ಹುಡುಕಬೇಕು.

ಪುಟ್ಟಿಯ_ಅಮ್ಮ

ನನಗೆ ಆ ಕಥೆ ಬೇಕಿತ್ತು ಕೀಲಿಯವರೇ, ಮುಂದುವರಿಸಲಿ ಬಿಡಿ.

ನಮ್ಮದು ಇನ್ನೊಂದು ತುದಿ. ಮಗಳು ಹೊಟ್ಟೆಯಲ್ಲಿದ್ದಾಗಲೇ ಸ್ಕ್ಯಾನ್‌ನಲ್ಲಿ ಎದೆಗೂಡಿನ ತುಂಬಾ ಹೃದಯವೇ ಕಂಡಿತ್ತು. ಹುಟ್ಟಿದಾಗ ನೀಲಿ. ಬಲ ಕೆಳಕೋಣೆಗೆ ರಕ್ತವನ್ನ ಶ್ವಾಸಕೋಶಕ್ಕೆ ನೂಕೋ ಶಕ್ತಿಯೇ ಇರಲಿಲ್ಲ. ಹುಟ್ಟಿದ ಹೊಸದರಲ್ಲಿ ಶ್ವಾಸಕೋಶದ ನಾಳಗಳು ಬಿಗಿಯಾಗಿರುತ್ತವೆ, ದಿನ ಕಳೆದಂತೆ ಸಡಿಲವಾಗುತ್ತವೆ, ಆಗ ತಾನಾಗೇ ಸುಧಾರಿಸಬಹುದು ಅಂತ ಪ್ರೊಸ್ಟಾಗ್ಲಾಂಡಿನ್ ಹನಿ (ಶ್ವಾಸಕೋಶಕ್ಕೆ ರಕ್ತ ಕೊಡೋ ಹುಟ್ಟಿನ ನಾಳ ಮುಚ್ಚದ ಹಾಗೆ ಇಡೋ ಔಷಧಿ) ಕೊಡ್ತಾ ಕಾದರು. ಕೆಲವು ಮಕ್ಕಳಿಗೆ ಅಷ್ಟೇ ಸಾಕಾಗುತ್ತಂತೆ. ನಮ್ಮವಳಿಗೆ ಸಾಕಾಗಲಿಲ್ಲ.

ಅಷ್ಟು ಚಿಕ್ಕ ಮಗುವಿನ ಎಸಳು ತುಂಬಾ ಸೂಕ್ಷ್ಮ, ಈಗ ಕೋನ್ ಬೇಡ ಅಂದರು. ಸ್ಟಾರ್ನ್ಸ್ ಅನ್ನೋ ಆಪರೇಷನ್ ಮಾಡಿದರು, 1991ರಲ್ಲಿ ಬಂದದ್ದು. ಸೋರೋ ವಾಲ್ವಿನ ಬಾಯನ್ನೇ ಸಣ್ಣ ತೂತಿರೋ ಪ್ಯಾಚ್‌ನಿಂದ ಮುಚ್ಚಿ, ಶ್ವಾಸಕೋಶಕ್ಕೆ ರಕ್ತ ಹೋಗೋಕೆ ಬೇರೆ ಶಂಟ್, ಅಂದರೆ ಅಡ್ಡನಾಳ, ಹಾಕೋದು. ಹಳೇ ಪುಟ ಅವರೇ, ಆ ಶಂಟಿನ ಕಥೆ ಹೇಳಿ. ಮಗಳಿಗೆ ಹೇಳಬೇಕು, ಈಗ ಸ್ಕೂಲಿಗೆ ಹೋಗ್ತಾಳೆ, ಎಲ್ಲದಕ್ಕೂ ‘ಯಾಕೆ’ ಅಂತಾಳೆ.

ಹಳೇ_ಪುಟ

ಅಮ್ಮಾ, ಅದು ಬ್ಲಾಲಾಕ್ ಥಾಮಸ್ ಟಾಸಿಗ್ ಶಂಟ್. 1944ರ ನವೆಂಬರ್ 29, ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ. ಮಕ್ಕಳು ನೀಲಿಯಾಗೋದು ಶ್ವಾಸಕೋಶಕ್ಕೆ ರಕ್ತ ಸಾಲದೆ, ಇನ್ನೊಂದು ನಾಳ ಜೋಡಿಸಿದರೆ ಆಗುತ್ತೆ ಅಂತ ಕೇಳಿದ್ದು ಮಕ್ಕಳ ಹೃದ್ರೋಗ ತಜ್ಞೆ ಹೆಲೆನ್ ಟಾಸಿಗ್. ಆಕೆಗೆ ಕಿವಿ ಸರಿಯಾಗಿ ಕೇಳ್ತಿರಲಿಲ್ಲ, ಮಕ್ಕಳ ಎದೆಯ ಮೇಲೆ ಬೆರಳಿಟ್ಟು ಮಿಡಿತ ಅಳೀತಿದ್ದರು. ಪ್ರಯೋಗಾಲಯದಲ್ಲಿ ಆಪರೇಷನ್ ರೂಪಿಸಿದ್ದು ವಿವಿಯನ್ ಥಾಮಸ್. ಮೆಡಿಕಲ್ ಕಾಲೇಜಿನ ಮೆಟ್ಟಿಲು ಹತ್ತದ, ಬಡಗಿ ಕೆಲಸ ಬಲ್ಲ ಕಪ್ಪು ವರ್ಣೀಯ. ಮೊದಲ ಆಪರೇಷನ್ ದಿನ ಸರ್ಜನ್ ಬ್ಲಾಲಾಕ್ ಬೆನ್ನ ಹಿಂದೆ ಸ್ಟೂಲ್ ಹತ್ತಿ ನಿಂತು ಒಂದೊಂದು ಹೊಲಿಗೆಗೂ ಸಲಹೆ ಕೊಟ್ಟರು. ದಶಕಗಳವರೆಗೆ ಆ ಶಂಟಿಗೆ ಇವರ ಹೆಸರೇ ಇರಲಿಲ್ಲ.

ಪುಟ್ಟಿಯ_ಅಮ್ಮ

ಸ್ಟೂಲ್ ವಿಷಯ ಅವಳಿಗೆ ಖಂಡಿತ ಇಷ್ಟವಾಗುತ್ತೆ.

ಅನಾಮಿಕ_ವೀಕ್ಷಕ

ಇದೆಲ್ಲಾ ತಾಯಿ ಗರ್ಭಿಣಿಯಾಗಿದ್ದಾಗ ಜಾಗ್ರತೆ ತಗೊಳ್ಳದೇ ಆಗೋದು. ಮಾತ್ರೆ ನುಂಗಿರ್ತಾರೆ.

ಪುಟ್ಟಿಯ_ಅಮ್ಮ

ಈ ಮಾತು ಕೇಳಿ ಕೇಳಿ ಸಾಕಾಗಿದೆ. ನಾನು ಯಾವ ಮಾತ್ರೆಯನ್ನೂ ನುಂಗಿಲ್ಲ. ನಿಮ್ಮ ಉಪಕಾರ ಬೇಡ.

ಲಯ_ತಪ್ಪಿದವಳು

ಅನಾಮಿಕ, ತಿಳಿದು ಮಾತಾಡಿ. ಬಹುಪಾಲು ಕೇಸುಗಳಲ್ಲಿ ಕಾರಣ ಇಂಥದ್ದೇ ಅಂತ ತೋರಿಸೋಕೆ ಆಗಲ್ಲ. ಕೆಲವು ಕುಟುಂಬಗಳಲ್ಲಿ ಎಂವೈಎಚ್7 ಥರದ ಜೀನ್ ಬದಲಾವಣೆ ಸಿಕ್ಕಿದೆ. ನೀವು ಎಲ್ಲೋ ಓದಿರೋದು ಮಾನಸಿಕ ಕಾಯಿಲೆಗೆ ಕೊಡೋ ಲಿಥಿಯಂ ಬಗ್ಗೆ ಇರಬೇಕು. 70ರ ದಶಕದಲ್ಲಿ ಅದರ ಮೇಲೆ ಭಾರೀ ಭಯ ಹುಟ್ಟಿತ್ತು. 2017ರಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ ಅಪಾಯ ಇದೆ, ಡೋಸ್ ಹೆಚ್ಚಾದಂತೆ ಹೆಚ್ಚು, ಆದರೆ ಹಿಂದೆ ಹೆದರಿಸಿದಷ್ಟಲ್ಲ. ಲಿಥಿಯಂ ತಗೊಳ್ತಿರೋ ಹೆಣ್ಣುಮಕ್ಕಳು ಇದನ್ನ ಓದಿ ತಾವಾಗೇ ನಿಲ್ಲಿಸಬೇಡಿ, ಅದು ಇನ್ನೊಂದು ಅನಾಹುತ.

ನನ್ನದು ಸೌಮ್ಯ ಎಬ್‌ಸ್ಟೈನ್, ಇಬ್ಬರು ಮಕ್ಕಳು. ನೀಲಿಯಾಗೋದು, ಹಾರ್ಟ್ ಫೇಲ್ಯೂರ್ ಇಲ್ಲದಿದ್ದರೆ ಬಸಿರು ಸಾಮಾನ್ಯವಾಗಿ ಸುಸೂತ್ರ. ಮೊದಲೇ ಹೃದ್ರೋಗ ತಜ್ಞರ ಹತ್ತಿರ ಮಾತಾಡಬೇಕು, ಮಗುವಿಗೆ ಗರ್ಭದಲ್ಲೇ ಹೃದಯದ ಎಕೋ ಮಾಡಿಸಬೇಕು, ಅಷ್ಟೇ.

ಮಾಡರೇಟರ್

ಆಪರೇಷನ್ ಇಲ್ಲದೆ ವಾಲ್ವ್ ಸರಿಮಾಡುವ ಪುಡಿಯ ಜಾಹೀರಾತೊಂದು ಬಂದಿತ್ತು, ಅಳಿಸಲಾಗಿದೆ. ತಾಯಂದಿರನ್ನು ದೂರುವ ಕಾಮೆಂಟ್ ಇನ್ನೊಂದು ಬಂದರೆ ಆ ಖಾತೆಯೂ ಹೋಗುತ್ತದೆ.

ನೀಲಿ_ಛತ್ರಿ

ಅಪ್‌ಡೇಟ್. ಮಾಸ್ಕ್ ಟೆಸ್ಟ್ ಆಯಿತು. ಹೊಲಿಗೆ ಗುರುತು ಅಣ್ಣ ಹೇಳಿದ ಹಾಗೇ, ಅವನ ವಯಸ್ಸಿಗೆ ಇರಬೇಕಾದ್ದಕ್ಕಿಂತ ಬಹಳ ಕಮ್ಮಿ ಬಂತು. ತುಳಿಯುವಾಗ ಸ್ಯಾಚುರೇಷನ್ 86ಕ್ಕೆ ಇಳಿಯಿತು. ‘ವರ್ಷಕ್ಕೊಮ್ಮೆ ಎಕೋ’ ಅಂದಿದ್ದ ಡಾಕ್ಟರಿಗೂ ತೋರಿಸಿದೆವು, ಅವರೂ ಈಗ ಸರ್ಜರಿ ಕಡೆಗೇ ವಾಲಿದ್ದಾರೆ. ಎಂಆರ್‌ಐ ಮುಂದಿನ ವಾರ.

ಈಗ ಉಳಿದಿರೋದು ಮನೆ ಜಗಳ. ಚಿಕ್ಕಪ್ಪನಿಗೆ ದಿನಕ್ಕೆ ಮೂರು ಬೈಪಾಸ್ ಮಾಡೋ ಹೆಸರಾಂತ ಸರ್ಜನ್ ಪರಿಚಯ. ‘29ರ ಗಂಡಸನ್ನ ಮಕ್ಕಳ ಡಾಕ್ಟರ್ ಕೈಗೆ ಕೊಡ್ತೀರಾ’ ಅಂತ ಹಠ.

ಪಂಪ್_ಮುಂದೆ_ಕೂತವ

ಮಕ್ಕಳ ಹೃದಯ ಸರ್ಜನ್ ಕೈಗೇ ಕೊಡಿ. ಚಿಕ್ಕಪ್ಪನವರಿಗೆ ನನ್ನ ನಮಸ್ಕಾರ ಹೇಳಿ.

ಕಾಯಿಲೆ ಹುಟ್ಟಿನಿಂದ ಬಂದದ್ದು. ಅಂಥ ಹೃದಯಗಳನ್ನೇ ದಿನಾ ನೋಡೋ ಕೈ ಬೇಕು. ವಯಸ್ಕರ ಜನ್ಮಜಾತ ಹೃದ್ರೋಗಕ್ಕೂ ಅದರಲ್ಲೇ ತರಬೇತಿ ಪಡೆದ ಸರ್ಜನ್ ಆಪರೇಷನ್ ಮಾಡಬೇಕು ಅಂತ 2018ರ ಅಮೆರಿಕದ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತೆ. ಬೈಪಾಸ್‌ನಲ್ಲಿ ಎಷ್ಟೇ ನಿಪುಣರಾದರೂ ವರ್ಷಗಟ್ಟಲೆ ಒಂದೂ ಎಬ್‌ಸ್ಟೈನ್ ನೋಡದೇ ಇರಬಹುದು. ಕೋನ್ ನೋಡಿ ಕಲಿತು, ಮಾಡಿ ಮಾಡಿ ಪಳಗೋ ಕೆಲಸ.

ಕಪಾಟಿನ_ಕೀಲಿ

ಇದು ಮಾತ್ರ ಒಪ್ಪಬೇಕಾದ್ದೇ. ಪರಿಚಯ ನೋಡಿ ಸರ್ಜನ್ ಆರಿಸೋದಲ್ಲ. ಆದರೆ 86 ಬಂತು ಅಂದ ತಕ್ಷಣ ಓಡೋದೂ ಬೇಡ, ಎಂಆರ್‌ಐ ಆಗಲಿ, ಇಪಿ ಆಗಲಿ.

ಎಕೋ_ರೂಮಿನಿಂದ

ಅಪರೂಪಕ್ಕೆ ಕೀಲಿಯವರ ಜೊತೆ ನಾನೂ ಇದ್ದೀನಿ. ಓಡೋದು ಬೇಡ, ವರ್ಷಗಟ್ಟಲೆ ಕೂರೋದೂ ಬೇಡ. ತೀವ್ರ ಲೀಕ್ ಜೊತೆಗೆ ಹಾರ್ಟ್ ಫೇಲ್ಯೂರ್ ಲಕ್ಷಣ, ವ್ಯಾಯಾಮದ ಶಕ್ತಿ ಕುಗ್ಗಿರೋದು ಟೆಸ್ಟಿನಲ್ಲಿ ಕಾಣೋದು, ಬಲ ಕೆಳಕೋಣೆಯ ಪಂಪಿಂಗ್ ಇಳೀತಾ ಹೋಗೋದು, ಇವು ಸರ್ಜರಿಗೆ ಗಟ್ಟಿ ಕಾರಣಗಳು. ಕೋಣೆ ದೊಡ್ಡದಾಗ್ತಾ ಹೋಗೋದು, ಸ್ಯಾಚುರೇಷನ್ ಇಳಿಯೋದು, ಹೆಪ್ಪು ದಾಟಿ ಪಾರ್ಶ್ವವಾಯು ಆಗೋದು, ಮೇಲ್ಕೋಣೆಯ ಲಯ ತಪ್ಪೋದು ಇವೂ ಲೆಕ್ಕಕ್ಕೆ ಬರುತ್ತವೆ. ಪೂರ್ತಿ ಸೋತ ಮೇಲೆ ಎಷ್ಟೇ ಚೆನ್ನಾಗಿ ಹೊಲಿದರೂ ಗೋಡೆಗೆ ಶಕ್ತಿ ಎಲ್ಲಿಂದ ಬರಬೇಕು? ಉಬ್ಬಿದ ಬಲಭಾಗ ನಡುಗೋಡೆಯನ್ನ ತಳ್ಳಿ ಎಡಭಾಗವನ್ನೂ ಚಪ್ಪಟೆ ಮಾಡುತ್ತೆ. ಯಶಸ್ವಿ ಕೋನ್ ಆದಮೇಲಿನ ಎಂಆರ್‌ಐಗಳಲ್ಲಿ ಬಲಭಾಗ ಕುಗ್ಗಿ, ಎಡಭಾಗ ಚೆನ್ನಾಗಿ ತುಂಬೋದು ಕಾಣುತ್ತೆ. ನನ್ನ ಕೆಲಸದಲ್ಲಿ ನೋಡೋಕೆ ಅತಿ ಖುಷಿ ಕೊಡೋ ಚಿತ್ರ ಅದು.

ಹೊಲಿಗೆ_ಗುರುತು

ಸರ್ಜನ್ ಭೇಟಿಗೆ ಹೋಗುವಾಗ ಸಂಕೋಚ ಬಿಟ್ಟು ಕೇಳಿ: ನೀವೇ ಎಷ್ಟು ಕೋನ್ ಮಾಡಿದ್ದೀರಿ, ದೊಡ್ಡವರಲ್ಲಿ ಎಷ್ಟು? ಎಸಳು ಸಾಲದೆ ಹೋದರೆ ಒಳಗೇ ಏನು ತೀರ್ಮಾನ, ಯಾವ ವಾಲ್ವ್? ಬಲಭಾಗ ಸೋತಿದ್ದರೆ ಗ್ಲೆನ್ ಸೇರಿಸ್ತೀರಾ? ನನಗೆ ಸೇರಿಸಿದ್ದಾರೆ. ತಲೆ ಕೈಗಳಿಂದ ಬರೋ ರಕ್ತವನ್ನ ಮಹಾಸಿರೆಯಿಂದ ನೇರ ಶ್ವಾಸಕೋಶದ ನಾಳಕ್ಕೆ ಜೋಡಿಸೋದು, ಬಲ ಕೆಳಕೋಣೆಗೆ ಅಷ್ಟು ಹೊರೆ ಇಳಿಯುತ್ತೆ. ಎಡಭಾಗ ಚೆನ್ನಾಗಿದ್ದರೆ ಮಾತ್ರ ಅದು ನಡೆಯೋದು. ಇವನ್ನೆಲ್ಲ ಕೇಳಿದಾಗ ಮುಖ ಸಿಂಡರಿಸೋ ಸರ್ಜನ್ ಆದರೆ ಎದ್ದು ಬನ್ನಿ. ನನ್ನವರು ಪೇಪರ್ ತಗೊಂಡು ಚಿತ್ರ ಬರೆದು ತೋರಿಸಿದರು.

ಐಸಿಯು ಬಗ್ಗೆಯೂ ಒಂದು ಮಾತು. ಹೃದಯ ಮೊದಲ ಕೆಲವು ದಿನ ಮಂಕಾಗಿರುತ್ತೆ, ಔಷಧಿ ಹನಿ ಜಾಸ್ತಿ ಇರುತ್ತೆ, ಬಡಿತ ಏರುಪೇರಾಗುತ್ತೆ, ಹೊಟ್ಟೆಯ ಮೇಲೆ ತಾತ್ಕಾಲಿಕ ಪೇಸಿಂಗ್ ವೈರ್ ನೇತಾಡ್ತಿರುತ್ತೆ. ಮನೆಯವರು ಮಾನಿಟರ್ ನೋಡಿ ಹೆದರೋದು ಬೇಡ. ಎದೆಮೂಳೆ ಕೂಡೋವರೆಗೆ ಭಾರ ಎತ್ತೋ ಹಾಗಿಲ್ಲ, ಕೈಯೂರಿ ಏಳೋ ಹಾಗಿಲ್ಲ. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಕೆಮ್ಮು ಮತ್ತು ನಗು. ದಯವಿಟ್ಟು ತಮಾಷೆ ಮಾಡೋ ನೆಂಟರನ್ನ ದೂರ ಇಡಿ.

ನೀಲಿ_ಛತ್ರಿ

ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡೆ. ತಮ್ಮನೂ ಕೂತು ಓದಿದ, ಗಾಬರಿ ಕಮ್ಮಿಯಾಗಿದೆ ಅಂದ. ಒಂದೇ ಒಂದು ಪ್ರಶ್ನೆ. ಆಪರೇಷನ್‌ಗೆ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಚೀಟಿ ತರೋಕೆ ಹೇಳಿದ್ದಾರೆ. ಹಲ್ಲಿಗೂ ಇದಕ್ಕೂ ಏನು ಸಂಬಂಧ ಅಂತ ನಗ್ತಿದ್ದಾನೆ.

ಲಯ_ತಪ್ಪಿದವಳು

ನಗಬೇಡ ಅನ್ನಿ. ಹುಳುಕು ಹಲ್ಲು, ವಸಡಿನ ಕೀವು ಇದ್ದರೆ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಹೊಸ ಹೊಲಿಗೆ, ರಿಂಗ್, ಪ್ಯಾಚ್ ಮೇಲೆ ಕೂತು ಎಂಡೋಕಾರ್ಡೈಟಿಸ್ (ಹೃದಯದ ಒಳಪದರದ ಸೋಂಕು) ಆಗಬಹುದು. ಕೀಳಬೇಕಾದ ಹಲ್ಲು ಈಗಲೇ ಕೀಳಿಸಲಿ. ಆಪರೇಷನ್ ಆದಮೇಲೂ ಕನಿಷ್ಠ ಆರು ತಿಂಗಳು, ಹಲ್ಲಿನ ದೊಡ್ಡ ಕೆಲಸಕ್ಕೆ ಮೊದಲು ಆಂಟಿಬಯೋಟಿಕ್ ಬೇಕು. ಲೀಕ್ ಉಳಿದರೆ ಅಥವಾ ಕೃತಕ ವಾಲ್ವ್ ಹಾಕಿದರೆ ಎಷ್ಟು ಕಾಲ ಅಂತ ಅವರನ್ನೇ ಕೇಳಿ.

ನೀಲಿ_ಛತ್ರಿ

ಒಂದು ಬುದ್ಧಿಹಲ್ಲು ಹಾಳಾಗಿದೆ ಅಂತ ಅವನಿಗೆ ಮೊದಲೇ ಗೊತ್ತಿತ್ತಂತೆ. ಅದನ್ನೂ ಹೇಳಿರಲಿಲ್ಲ!

ಕಪಾಟಿನ_ಕೀಲಿ

ಈ ಹುಡುಗನನ್ನ ಕೂರಿಸಿ ತಲೆಯಿಂದ ಕಾಲಿನವರೆಗೆ ಇನ್ನೇನೇನು ಹೇಳಿಲ್ಲ ಅಂತ ಒಂದ್ಸಲ ವಿಚಾರಿಸಿ ಅಮ್ಮಾ. ಎಂಆರ್‌ಐ ಬಂದಮೇಲೆ ಇಲ್ಲೇ ಹಾಕಿ, ಗ್ಲೆನ್ ಬೇಕಾ ಬೇಡವಾ ಅಂತ ನನಗೂ ಪಂಪ್‌ನವರಿಗೂ ಇನ್ನೊಂದು ಸುತ್ತು ಬಾಕಿ ಇದೆ.